ರೞಾಕ್ಷರದ ಸ್ಥಾನವೂ ಹೆಸರೂ: ಗಣಕದ ಒಡಂಬಡಿಕೆಗಳ ಸ್ಥಿರತೆಯನ್ನು ಕುರಿತು

ಹಸ್ತಪ್ರತಿಶಾಸ್ತ್ರಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಗಳನ್ನೂ ತಂತ್ರಾಂಶಗಳನ್ನೂ ಕುರಿತು ಬರೆಯುವುದು ಕೆಲವು ವಾಚಕರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಕಳೆದ ಮೂರು ದಶಕಗಳಲ್ಲಿ ನಾವು ಸಂಪಾದಿಸಿದ ಗ್ರಂಥಗಳಲ್ಲಿ ಅನೇಕವು ಓಲೆಯಿಂದ ನೇರವಾಗಿ ಗಣಕಕ್ಕೆ ಇಳಿದಿವೆ. ಮುದ್ರಿತವಾಗದೆ ಉಳಿದ ಪಾಠಗಳು, ಪಾಠಾಂತರಗಳ ಪಟ್ಟಿಗಳು, ಶಬ್ದಸೂಚಿಗಳು ಕಡತಗಳ ರೂಪದಲ್ಲಿಯೇ ಇವೆ. ಓಲೆಯನ್ನು ಹುಳುವಿನಿಂದಲೂ ತೇವದಿಂದಲೂ ಕಾಯುವ ಕ್ರಮವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕಡತವನ್ನು ಕಾಯಬೇಕಾದುದು ಯಾವುದರಿಂದ ಎಂಬುದರ ವಿಚಾರ ನಮ್ಮಲ್ಲಿ ಸಾಕಷ್ಟು ನಡೆದಿಲ್ಲ. ಪ್ರಕೃತ ಲೇಖನದಲ್ಲಿ ಹಳಗನ್ನಡದ ೞಕಾರವೆಂಬ ಒಂದೇ ಅಕ್ಷರವನ್ನು ಹಿಡಿದು ಆ ವಿಚಾರವನ್ನು ಮಾಡಲು ಯತ್ನಿಸಿದ್ದೇನೆ.

ವೈಯಾಕರಣರು ರೞವೆಂದು ಕರೆದ ಈ ಅಕ್ಷರದ ಸಂಗತಿ ವಿದ್ವಾಂಸರಿಗೆ ವಿದಿತವೇ ಇದೆ. ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಖಡ್ಗ. ‘ಆೞ್’ ಎಂದರೆ ಮುಳುಗು, ‘ಆಳ್’ ಎಂದರೆ ಪಾಲಿಸು. ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರೞ, ಕುಳ, ಕ್ಷಳಗಳ ಭೇದವನ್ನು ಪ್ರತ್ಯೇಕವಾಗಿ ಬಿಡಿಸಿ ಹೇಳಬೇಕಾಯಿತು, ಇದರಿಂದಲೇ ಆ ವೇಳೆಗೆ ಆಡುಮಾತಿನಲ್ಲಿ ೞಕಾರವು ಳಕಾರದೊಡನೆ ಕಲೆಯತೊಡಗಿತ್ತೆಂದು ಊಹಿಸಬಹುದು. ಅನಂತರದ ಲಿಪಿಕಾರರು ತಮ್ಮ ಬಾಯಿಗೆ ಬಂದಂತೆ ಬರೆದರು. ಹೀಗಾಗಿ ಪ್ರಾಚೀನ ಕಾವ್ಯವೊಂದರ ಪಾಠದಲ್ಲಿ ಎಲ್ಲಿ ೞ, ಎಲ್ಲಿ ಳ ಎಂದು ನಿರ್ಣಯಿಸುವುದು ಸಂಪಾದಕನ ಮುಖ್ಯ ಕರ್ತವ್ಯಗಳಲ್ಲೊಂದಾಯಿತು. ಅರ್ಥವೊಂದಕ್ಕಾಗಿ ಮಾತ್ರವೇ ಈ ಶ್ರಮವಲ್ಲ. ದ್ವಿತೀಯಾಕ್ಷರಪ್ರಾಸದಲ್ಲಿ ೞಕಾರಕ್ಕೆ ಳಕಾರವನ್ನು ಹೊಂದಿಸಿದ ಪದ್ಯವು ಪ್ರಕ್ಷಿಪ್ತವೆಂದೋ ಅರ್ವಾಚೀನವೆಂದೋ ಶಂಕಿಸಲು ಅದೊಂದು ಆಧಾರ. ಆ ಭೇದವನ್ನು ಅಳಿಸಿದ ಪಾಠವು ಓದಲು ಸುಗಮವಾಗಿರಬಹುದು. ಸಾಕ್ಷ್ಯವಾಗಿ ಮಾತ್ರ ಉಳಿಯದು.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ ಸಂದರ್ಭವನ್ನು ಹೇಳಬೇಕು. ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಬಳಿಯ ಪುಟ್ಟೇನಹಳ್ಳಿಯಲ್ಲಿ ನನ್ನ ವಾಸ. 1990ರ ದಶಕದ ಕೊನೆಯಲ್ಲಿ ನನ್ನ ಗುರುಗಳು ಅಪ್ರಕಟಿತವಾದ ಒಂದು ಜೈನಕಾವ್ಯದ ಎರಡು ಓಲೆಪ್ರತಿಗಳನ್ನು ಹೋಲಿಸಿ ಪಾಠವನ್ನು ಸಿದ್ಧಪಡಿಸಿದರು. ಎರಡೂ ಪ್ರತಿಗಳ ಲಿಪಿಕಾರರು ೞಕಾರವನ್ನು ಕೆಲವೆಡೆ ಉಳಿಸಿ ಕೆಲವೆಡೆ ಕೈಬಿಟ್ಟಿದ್ದರು. ಗುರುಗಳು ಪ್ರತಿಯೊಂದು ಸ್ಥಳದಲ್ಲಿಯೂ ಧಾತುವನ್ನೂ ಪ್ರಾಸವನ್ನೂ ನೋಡಿ ನಿರ್ಣಯ ಮಾಡಿದರು. ಒಂದು ಮುದ್ರಣಾಲಯದಲ್ಲಿ ಅದನ್ನು ಗಣಕದಲ್ಲಿ ಜೋಡಿಸಿದರು. ಅವರ ಅಕ್ಷರಶೈಲಿಯಲ್ಲಿ, ಅಂದರೆ ಫಾಂಟಿನಲ್ಲಿ, ೞಕಾರವಿರಲಿಲ್ಲ. ಅಲ್ಲಿನ ಜೋಡಣೆಗಾರರು ಜಾಣರು. ಯಾರೂ ಬಳಸದ ಒಂದು ಚಿಹ್ನೆಯ ಸ್ಥಾನದಲ್ಲಿ ೞ ರೂಪವನ್ನು ಬರೆದು ಸೇರಿಸಿಕೊಂಡರು. ಕರಡಚ್ಚು ಸುಂದರವಾಗಿ ಬಂದಿತು. ಹಣದ ಅಭಾವದಿಂದ ಗ್ರಂಥ ಮುದ್ರಣವಾಗಲಿಲ್ಲ, ಗುರುಗಳು ತೀರಿಕೊಂಡರು, ಕೈಬರಹದ ಹಾಳೆಗಳೂ ಕರಡಚ್ಚೂ ಒಂದು ಮಳೆಗಾಲದಲ್ಲಿ ನೆನೆದು ಬಹುಪಾಲು ಹಾಳಾದವು. ಉಳಿದುದು ನನ್ನ ಪೆಟ್ಟಿಗೆಯಲ್ಲಿದ್ದ ಒಂದು ಸಿ.ಡಿ. ಮಾತ್ರ.

ಕೆಲವು ವರ್ಷಗಳ ಹಿಂದೆ ಅದನ್ನು ತೆರೆಸಿದಾಗ ಪರದೆಯ ಮೇಲೆ ಕಂಡುದು ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಒಂದು ರಾಶಿ. ಅದು ನಿರೀಕ್ಷಿತವೇ. ಹಳೆಯ ಫಾಂಟಿನ ಬರಹವನ್ನು ಇಂದಿನ ಸಂಕೇತಕ್ಕೆ ತಿರುಗಿಸುವ ಒಂದು ತಂತ್ರಾಂಶದಲ್ಲಿ ಅದನ್ನು ಹಾಕಿದಾಗ ಕನ್ನಡ ಬಂದಿತು, ಆದರೆ ೞ ಇರಬೇಕಾದೆಡೆಯೆಲ್ಲ ಅರ್ಥವಿಲ್ಲದ ಒಂದು ಚಿಹ್ನೆ ಉಳಿಯಿತು. ಎರಡನೆಯ ತಂತ್ರಾಂಶವು ಇನ್ನೂ ಉಪಕಾರಿ: ಆ ಕಡೆಗಳಲ್ಲೆಲ್ಲ ಳಕಾರವನ್ನು ತುಂಬಿ, ಒಂದು ಕಲೆಯೂ ಇಲ್ಲದ ಪುಟಗಳನ್ನು ಕೊಟ್ಟಿತು. ನಾನು ಮೊದಲು ಸಂತೋಷಪಟ್ಟೆನೆಂದು ಒಪ್ಪಿಕೊಳ್ಳುತ್ತೇನೆ. ‘ಬಾಳ್ವರ್’ ಎಂಬಲ್ಲಿ ಕಣ್ಣು ನಿಂತಾಗ ಮಾತ್ರ ಆದ ಅನರ್ಥ ತಿಳಿಯಿತು. ಗುರುಗಳು ಎರಡು ವರ್ಷ ಕುಳಿತು ಮಾಡಿದ ನಿರ್ಣಯಗಳನ್ನೆಲ್ಲ ಆ ಯಂತ್ರವು ಕ್ಷಣಾರ್ಧದಲ್ಲಿ ಹಿಂದಿನ ಲಿಪಿಕಾರರ ಪಕ್ಷಕ್ಕೆ ಒಪ್ಪಿಸಿತ್ತು. ಮೊದಲನೆಯ ತಂತ್ರಾಂಶದ ಹಾನಿ ಕಣ್ಣಿಗೆ ಕಾಣುತ್ತಿತ್ತು. ಆದುದರಿಂದ ಅದೇ ಮೇಲು.

ಇಂತಹ ಹಾನಿ ಏಕೆ ಆಗುತ್ತದೆಂಬುದನ್ನು ತಿಳಿಯಲು ಗಣಕದ ರಚನೆಯ ಒಂದಂಶವನ್ನು ಗಮನಿಸಬೇಕು. ಗಣಕದಲ್ಲಿ ಎಲ್ಲಕ್ಕೂ ಕೆಳಗೆ ಯಂತ್ರ, ಅದರ ಮೇಲೆ ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ನಾವು ಬಳಸುವ ಬರವಣಿಗೆಯ ತಂತ್ರಾಂಶ, ಅದರೊಡನೆ ಫಾಂಟು. ಒಂದೊಂದು ಪದರವನ್ನು ಒಬ್ಬೊಬ್ಬರು ಮಾಡುತ್ತಾರೆ, ಒಂದೊಂದೂ ತನ್ನ ಕಾಲಕ್ಕೆ ಬದಲಾಗುತ್ತದೆ. ಎರಡು ಪದರಗಳು ಕೂಡುವೆಡೆಯಲ್ಲಿ ‘ನೀನು ಹೀಗೆ ಕೇಳಿದರೆ ನಾನು ಹೀಗೆ ಕೊಡುತ್ತೇನೆ’ ಎಂಬ ಒಂದು ಒಡಂಬಡಿಕೆ ಇರುತ್ತದೆ. ತಂತ್ರಾಂಶಜ್ಞರು ಇಂಟರ್‌ಫೇಸ್ ಎನ್ನುವುದು ಇದನ್ನೇ. ಒಳಗಿನ ಕೆಲಸ ಎಷ್ಟಾದರೂ ಬದಲಾಗಲಿ, ಒಡಂಬಡಿಕೆ ಸ್ಥಿರವಾಗಿದ್ದರೆ ಹಳೆಯ ತಂತ್ರಾಂಶ ಹೊಸ ವ್ಯವಸ್ಥೆಯ ಮೇಲೆ ನಡೆಯುತ್ತದೆ, ಹಳೆಯ ಕಡತ ಹೊಸ ತಂತ್ರಾಂಶದಲ್ಲಿ ತೆರೆಯುತ್ತದೆ. ಸದ್ವಸ್ತುವಿಗೆ ಉತ್ಪಾದ, ವ್ಯಯ, ಧ್ರೌವ್ಯಗಳು ಏಕಕಾಲದಲ್ಲಿ ಉಂಟೆಂದು ಓದಿದ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಆದರೂ ಹೋಲಿಕೆಯನ್ನು ಬಹುದೂರ ಎಳೆಯಬಾರದು: ದ್ರವ್ಯದ ಧ್ರೌವ್ಯ ಸ್ವಭಾವಸಿದ್ಧ, ಗಣಕದ ಧ್ರೌವ್ಯವನ್ನು ಯಾರಾದರೂ ಹಟತೊಟ್ಟು ಕಾಯಬೇಕಾಗುತ್ತದೆ.

ಕನ್ನಡಕ್ಕೆ ಮೊದಲ ದಿನಗಳಲ್ಲಿ ಅಂತಹ ಸ್ಥಿರವಾದ ಒಡಂಬಡಿಕೆ ರೂಢಿಗೆ ಬರಲಿಲ್ಲ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಎಂಬ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಐ.ಎಸ್. 13194 ಎಂಬ ಸಂಖ್ಯೆಯಲ್ಲಿ ಪ್ರಕಟಿಸಿತು. ಅದರಲ್ಲಿ ಕಕಾರಕ್ಕೆ ದೇವನಾಗರಿಯಲ್ಲಾಗಲಿ ಕನ್ನಡದಲ್ಲಾಗಲಿ ಒಂದೇ ಸಂಖ್ಯೆ. ಲಿಪಿ ಬೇರೆ, ಅಕ್ಷರ ಒಂದು ಎಂಬುದು ಅದರ ತತ್ತ್ವ. ತತ್ತ್ವ ಉಚ್ಚವಾದರೂ ಮುದ್ರಣಾಲಯಗಳು ಬೇರೆ ದಾರಿ ಹಿಡಿದವು. ಅವರ ಫಾಂಟುಗಳಲ್ಲಿ ಸಂಖ್ಯೆ ಇದ್ದುದು ಅಕ್ಷರಕ್ಕಲ್ಲ, ಅಕ್ಷರದ ಚೂರಿಗೆ: ತಲಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ಇಂಗ್ಲಿಷಿಗಾಗಿ ಮಾಡಿದ ವ್ಯವಸ್ಥೆಗೆ ತಾನು ಕನ್ನಡವನ್ನು ತೋರಿಸುತ್ತಿರುವೆನೆಂಬ ಅರಿವೇ ಇರಲಿಲ್ಲ. ಯಾವ ಚೂರಿಗೆ ಯಾವ ಸಂಖ್ಯೆ ಎಂಬುದು ಒಂದೊಂದು ಸಂಸ್ಥೆಗೆ ಒಂದೊಂದು ಬಗೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಬಂದ ಮೇಲೆ ಸಾಮಾನ್ಯ ಜನರಿಗೂ ಕನ್ನಡದ ಬರವಣಿಗೆ ಸಾಧ್ಯವಾಯಿತೆಂಬ ಉಪಕಾರವನ್ನು ನಾವು ಮರೆಯಬಾರದು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವಂತೂ ಇಷ್ಟು ವ್ಯವಸ್ಥೆಗಳು ಬಂದುಹೋದರೂ ಬೆರಳುಗಳಲ್ಲಿ ಹಾಗೆಯೇ ಉಳಿದಿದೆ. ಸ್ಥಿರವಾದ ಒಡಂಬಡಿಕೆಗೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಆದರೆ ಕಡತದೊಳಗಿನ ಸಂಖ್ಯೆಗಳ ವಿಷಯದಲ್ಲಿ ನಾವು ಆ ಅದೃಷ್ಟವನ್ನು ಪಡೆಯಲಿಲ್ಲ. ನಮ್ಮ ಜೋಡಣೆಗಾರರ ೞಕಾರವು ಆ ಒಂದು ಫಾಂಟು, ಆ ಒಂದು ಯಂತ್ರ, ಅವರೊಬ್ಬರ ನೆನಪು ಇವುಗಳ ನಡುವಿನ ಗುಟ್ಟಿನ ಒಪ್ಪಂದವಾಗಿತ್ತು. ಯಂತ್ರ ಹೋಯಿತು, ಫಾಂಟು ಸಿಗಲಿಲ್ಲ, ಮುದ್ರಣಾಲಯವೂ ಮುಚ್ಚಿತ್ತು.

ನಮ್ಮ ಬೀದಿಯಲ್ಲಿಯೇ ಇರುವ ಒಬ್ಬ ತರುಣ ಇಂಜಿನಿಯರು ನೆರವಿಗೆ ಬಂದರು. ಅವರು ಕಡತವನ್ನು ಯಾವ ಫಾಂಟಿನ ಹಂಗೂ ಇಲ್ಲದೆ ಬರಿಯ ಸಂಖ್ಯೆಗಳ ಸಾಲಾಗಿ ತೆರೆದರು. ಯಾವ ಸಂಖ್ಯೆ ಎಷ್ಟು ಸಲ ಬಂದಿದೆಯೆಂದು ಪಟ್ಟಿ ಮಾಡಿದರು. ಬಲ್ಲ ಚೂರುಗಳನ್ನೆಲ್ಲ ಕಳೆದ ಮೇಲೆ ಲೆಕ್ಕಕ್ಕೆ ಸಿಗದ ಒಂದು ಸಂಖ್ಯೆ ಉಳಿಯಿತು. ಅದು ಬರುವ ಸ್ಥಳಗಳನ್ನು ನಾನು ನೋಡುತ್ತ ಹೋದೆ: ಏೞು, ಪೊೞಲ್, ಪೇೞ್, ಮೞೆ. ಸಂಶಯಕ್ಕೆ ಎಡೆಯೇ ಇರಲಿಲ್ಲ. ಇನ್ನು ಆ ಸಂಖ್ಯೆಯ ಬದಲಿಗೆ ಯೂನಿಕೋಡಿನ ೞಕಾರದ ಸಂಖ್ಯೆಯನ್ನು ಇಟ್ಟರೆ ಮುಗಿಯಿತು. ತರುಣರು ಪಟ್ಟಿಯನ್ನು ತೆಗೆದು ನೋಡಿ, “ಸಾರ್, ಇಲ್ಲೇನೋ ತಪ್ಪಿದೆ. ಇದರ ಹೆಸರು ಕನ್ನಡ ಲೆಟರ್ ಫಾ ಅಂತಿದೆ. ನಿಮ್ಮ ಅಕ್ಷರ ಇದಲ್ಲ” ಎಂದರು.

ನಾನು ಪಟ್ಟಿಯನ್ನು ನೋಡಿದೆ. ಅಕ್ಷರದ ರೂಪ ೞಕಾರದ್ದೇ, ಹೆಸರು ಮಾತ್ರ ‘ಫಾ’.

ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಸ್ಥಾನಗಳು. ದಾಶಮಿಕ ಸಂಖ್ಯೆಯಲ್ಲಿ ಹೇಳುತ್ತಿದ್ದೇನೆ. ತಂತ್ರಜ್ಞರು ಷೋಡಶಮಾನದಲ್ಲಿ ಬರೆಯುತ್ತಾರೆ. ಇಸ್ಕಿಯ ಸಂಪ್ರದಾಯವನ್ನು ಅನುಸರಿಸಿ ಭಾರತೀಯ ಲಿಪಿಗಳ ಖಂಡಗಳನ್ನೆಲ್ಲ ಸಮಾನಾಂತರವಾಗಿ ರಚಿಸಿದ್ದಾರೆ, ಅಂದರೆ ಖಂಡದ ಆರಂಭದಿಂದ ಎಣಿಸಿದರೆ ಒಂದೇ ಅಕ್ಷರ ಎಲ್ಲ ಲಿಪಿಗಳಲ್ಲಿ ಒಂದೇ ದೂರದಲ್ಲಿ ಬರುತ್ತದೆ. ೞಕಾರಕ್ಕೆ ಸಲ್ಲಬೇಕಾದ ದೂರ 52. ದೇವನಾಗರಿಯಲ್ಲಿ 2304ಕ್ಕೆ 52 ಸೇರಿದ 2356, ತಮಿಳಿನಲ್ಲಿ 2996, ಮಲೆಯಾಳದಲ್ಲಿ 3380 ಇವೆಲ್ಲ ಈ ಅಕ್ಷರದ ಸ್ಥಾನಗಳೇ. 2014ರಲ್ಲಿ ತೆಲುಗಿಗೂ ಇದೇ ಅಕ್ಷರವನ್ನು ಸೇರಿಸಿದಾಗ 3124ರಲ್ಲಿ, ಅಂದರೆ ಅದೇ 52ರ ದೂರದಲ್ಲಿ, ಇಟ್ಟರು. ಕನ್ನಡದಲ್ಲಿ ಮಾತ್ರ ಳಕಾರದ 3251ಕ್ಕೂ ವಕಾರದ 3253ಕ್ಕೂ ನಡುವಿನ 3252 ಬರಿದಾಗಿದ್ದು, ೞಕಾರವು 3294ರಲ್ಲಿ ಕುಳಿತಿದೆ. ಅದು 94ರ ದೂರ. ದೇವನಾಗರಿಯಲ್ಲಿ 94ರ ದೂರದಲ್ಲಿರುವುದು ಚುಕ್ಕೆಯಿಟ್ಟ ಫಕಾರ, ಅಂದರೆ ಪಾರಸಿ ಮೊದಲಾದ ಪದಗಳಿಗೆ ಬೇಕಾದ ‘ಫಾ’. ಹೆಸರು ಎಲ್ಲಿಂದ ಬಂದಿತೆಂದು ಊಹಿಸುವುದು ಇಷ್ಟರಿಂದ ಕಠಿಣವಲ್ಲ: ಸ್ಥಾನವನ್ನು ನೋಡಿ ಹೆಸರಿಟ್ಟಿದ್ದಾರೆ, ರೂಪವನ್ನು ನೋಡಿ ಅಲ್ಲ. ಹಸ್ತಪ್ರತಿಗಳಲ್ಲಿ ಪಕ್ಕದ ಸಾಲಿಗೆ ಕಣ್ಣು ಹಾರಿ ಆಗುವ ದೋಷವನ್ನು ಕಂಡವರಿಗೆ ಇದು ಪರಿಚಿತವೇ. ಕನ್ನಡದಲ್ಲಿ ನಿಜವಾದ ಫಾ ಧ್ವನಿಯನ್ನು ಬರೆಯಲು ಫಕಾರದ ಕೆಳಗೆ ಚುಕ್ಕೆಯಿಡುವ ಕ್ರಮ ಬೇರೆಯೇ ಇದೆ. ಆ ಚುಕ್ಕೆಗೆ 2003ರ ಆವೃತ್ತಿಯಲ್ಲಿ ಸ್ಥಾನ ದೊರೆಯಿತು.

ನನಗೆ ಸಿಟ್ಟು ಬಂದಿತು. ಪಂಪ ರನ್ನರ ಕಾವ್ಯಗಳಲ್ಲಿ ಸಾವಿರಾರು ಸಲ ಬರುವ ಅಕ್ಷರಕ್ಕೆ ಕನ್ನಡದ್ದೇ ಅಲ್ಲದ ಧ್ವನಿಯ ಹೆಸರು! ಅಂದು ರಾತ್ರಿಯೇ ಯೂನಿಕೋಡ್ ಒಕ್ಕೂಟಕ್ಕೆ ಒಂದು ಮನವಿಯನ್ನು ಬರೆಯತೊಡಗಿದೆ. ಹೆಸರನ್ನು ತಿದ್ದಬೇಕು, ಸಾಧ್ಯವಾದರೆ ಅಕ್ಷರವನ್ನು 3252ರ ನ್ಯಾಯವಾದ ಸ್ಥಾನಕ್ಕೆ ಒಯ್ಯಬೇಕು ಎಂದು ಎರಡು ಪ್ರಾರ್ಥನೆಗಳು. ಸ್ಥಾನದ ವಿಷಯದಲ್ಲಿ ನನ್ನ ಆಕ್ಷೇಪಕ್ಕೆ ಕಾರಣವೂ ಇತ್ತು. ಸಂಕೇತಸಂಖ್ಯೆಯ ಕ್ರಮವನ್ನೇ ಅಕಾರಾದಿಯೆಂದು ಹಿಡಿಯುವ ಸರಳ ತಂತ್ರಾಂಶವು ಶಬ್ದಸೂಚಿಯಲ್ಲಿ ‘ಬಾೞ್’ ಎಂಬುದನ್ನು ‘ಬಾಹುಬಲಿ’ಯ ಅನಂತರ ಇಡುತ್ತದೆ.

ಮನವಿಯನ್ನು ಮುಗಿಸುವ ಮುನ್ನ ತರುಣರು ನನಗೆ ಒಂದು ಹಳೆಯ ಪ್ರಸಂಗವನ್ನು ಹೇಳಿದರು. 1993ರ ಆವೃತ್ತಿಯ ವೇಳೆಗೆ ಕೊರಿಯ ಭಾಷೆಯ 6,656 ಅಕ್ಷರಗುಚ್ಛಗಳಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತಿತ್ತು. ಆ ಪಟ್ಟಿ ಅಪೂರ್ಣವೂ ಅಕ್ರಮವೂ ಆಗಿತ್ತೆಂಬುದು ನಿಜ. 1996ರ ಎರಡನೆಯ ಆವೃತ್ತಿಯಲ್ಲಿ ಅವನ್ನೆಲ್ಲ ಕಿತ್ತು, 11,172 ಗುಚ್ಛಗಳ ಪೂರ್ಣವಾದ ಪಟ್ಟಿಯನ್ನು ಬೇರೊಂದು ಖಂಡದಲ್ಲಿ ಇಟ್ಟರು. ಶಾಸ್ತ್ರದೃಷ್ಟಿಯಿಂದ ತಿದ್ದುಪಡಿ ಸರಿಯೇ. ಆದರೆ ಆ ಮೊದಲು ಬರೆದ ಕೊರಿಯ ಕಡತಗಳು ಅನಾಥವಾದವು. 1999ರಲ್ಲಿ ಆ ಬರಿದಾದ ನೆಲದ ಮೇಲೆ ಚೀನೀ ಅಕ್ಷರಗಳನ್ನು ನೆಲೆಗೊಳಿಸಿದರು. ಅಂತಹ ಹಳೆಯ ಕಡತವೊಂದನ್ನು ಇಂದು ಯಾರಾದರೂ ತೆರೆದರೆ ಕೊರಿಯದ ಮಾತಿನ ಬದಲು ಅಸಂಬದ್ಧವಾದ ಚೀನೀ ಅಕ್ಷರಗಳು ತೋರುತ್ತವೆ. ಆ ಅನುಭವದ ತರುವಾಯ ಒಕ್ಕೂಟವು ಒಂದು ವ್ರತವನ್ನು ಕೈಗೊಂಡಿತು: ಒಮ್ಮೆ ಕೊಟ್ಟ ಸ್ಥಾನವನ್ನು ಬದಲಿಸುವುದಿಲ್ಲ, ಒಮ್ಮೆ ಸೇರಿಸಿದ ಅಕ್ಷರವನ್ನು ತೆಗೆಯುವುದಿಲ್ಲ, ಒಮ್ಮೆ ಇಟ್ಟ ಹೆಸರನ್ನು, ತಪ್ಪಾಗಿದ್ದರೂ, ತಿದ್ದುವುದಿಲ್ಲ.

ಮೊದಲೆರಡನ್ನು ನಾನು ಕೂಡಲೇ ಒಪ್ಪಿದೆ. 3294ನ್ನು 3252ಕ್ಕೆ ಒಯ್ದರೆ, ಇಷ್ಟು ವರ್ಷಗಳಲ್ಲಿ ಯೂನಿಕೋಡಿನಲ್ಲಿ ಬರೆದ ಹಳಗನ್ನಡದ ಪಾಠಗಳೆಲ್ಲ ನನ್ನ ಗುರುಗಳ ಕಡತದ ಗತಿಯನ್ನೇ ಪಡೆಯುತ್ತವೆ. ನನಗಾದ ಹಾನಿಯನ್ನು ನಾನೇ ಎಲ್ಲರಿಗೂ ಹಂಚಲು ಹೊರಟಿದ್ದೆನೆಂಬುದು ಹೊಳೆಯಿತು. ಅಕಾರಾದಿಯ ತೊಡಕಿಗೆ ಸ್ಥಾನವನ್ನು ಕದಲಿಸಬೇಕಾಗಿಯೂ ಇಲ್ಲ. ವರ್ಣಕ್ರಮವನ್ನು ಬೇರೊಂದು ಕೋಷ್ಟಕದಿಂದ ನಿರ್ಣಯಿಸುವ ವಿಧಾನವಿದೆ, ಒಳ್ಳೆಯ ತಂತ್ರಾಂಶಗಳು ಹಾಗೆಯೇ ಮಾಡುತ್ತವೆ. ಆದರೆ ಹೆಸರಿನ ವಿಷಯದಲ್ಲಿ ಬಹಳ ದಿನ ವಾದಿಸಿದೆ. ಹೆಸರು ಕಡತದೊಳಗೆ ಹೋಗುವುದಿಲ್ಲ. ಅದನ್ನು ತಿದ್ದಿದರೆ ಯಾರಿಗೆ ಏನು ಕೇಡು? ಇದಕ್ಕೆ ತರುಣರು ಕೊಟ್ಟ ಉತ್ತರ ಸರಳ. ಪೈಥಾನ್, ಪರ್ಲ್ ಮೊದಲಾದ ತಂತ್ರಾಂಶಭಾಷೆಗಳಲ್ಲಿ ಅಕ್ಷರವನ್ನು ಸಂಖ್ಯೆಯಿಂದ ಕರೆಯುವಂತೆ ಹೆಸರಿನಿಂದಲೂ ಕರೆಯಬಹುದು. ಯಾರೋ ಎಲ್ಲೋ ‘ಕನ್ನಡ ಲೆಟರ್ ಫಾ’ ಎಂದು ಬರೆದ ತಂತ್ರಾಂಶ ಇಂದು ನಡೆಯುತ್ತಿದ್ದರೆ, ಹೆಸರನ್ನು ತಿದ್ದಿದ ದಿನ ಅದು ನಿಲ್ಲುತ್ತದೆ. ಒಡಂಬಡಿಕೆಯ ಭಾಗವಾದ ಮೇಲೆ ಹೆಸರು ವರ್ಣನೆಯಾಗಿ ಉಳಿಯುವುದಿಲ್ಲ, ವಿಳಾಸವಾಗುತ್ತದೆ. ನಮ್ಮ ಊರಿನದೇ ದೃಷ್ಟಾಂತವನ್ನು ಕೊಡಬಹುದು. ಬೆಂಗಳೂರಿನ ದಕ್ಷಿಣ ಭಾಗದಲ್ಲಿಯೂ ಒಂದು ಪುಟ್ಟೇನಹಳ್ಳಿ ಇದೆ. ನನಗೆ ಬರಬೇಕಾದ ಅಂಚೆ ಒಮ್ಮೊಮ್ಮೆ ಅಲ್ಲಿಗೆ ಹೋಗಿ ಬರುತ್ತದೆ. ಅದಕ್ಕಾಗಿ ಊರಿನ ಹೆಸರನ್ನೇ ಬದಲಿಸಬೇಕೆಂದು ನಾವು ಕೇಳುವುದಿಲ್ಲ, ಪಿನ್ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆಯುತ್ತೇವೆ.

ಹಾಗಾದರೆ ತಪ್ಪು ಎಂದೆಂದಿಗೂ ತಪ್ಪಾಗಿಯೇ ಇರಬೇಕೇ? ಇಲ್ಲಿ ಒಕ್ಕೂಟವು ಮಾಡಿರುವ ಏರ್ಪಾಡು ನಮ್ಮ ಶಾಸ್ತ್ರಕ್ಕೆ ಬಹಳ ಸಮೀಪವಾಗಿದೆ. ಮೂಲದ ಹೆಸರನ್ನು ಹಾಗೆಯೇ ಬಿಟ್ಟು, ‘ಕನ್ನಡ ಲೆಟರ್ ಳ್ಳ್ಳ’ ಎಂದು ಉಚ್ಚರಿಸಬಹುದಾದ, ತಮಿಳು ಮಲೆಯಾಳಗಳ ಸಮಾನಾಕ್ಷರಕ್ಕೆ ಇಟ್ಟಂತಹ ಸರಿಯಾದ ಹೆಸರನ್ನು ಶುದ್ಧೀಕೃತ ಉಪನಾಮವಾಗಿ ಪ್ರತ್ಯೇಕ ಪಟ್ಟಿಯಲ್ಲಿ ಅಧಿಕೃತವಾಗಿ ದಾಖಲಿಸಿದ್ದಾರೆ; ಅಕ್ಷರಪಟ್ಟಿಯಲ್ಲಿಯೂ ಮೊದಲ ಹೆಸರು ತಪ್ಪೆಂದು ಟಿಪ್ಪಣಿ ಇದೆ. ಇಂದಿನ ಪೈಥಾನ್ ಎರಡೂ ಹೆಸರುಗಳನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಬ್ರಾಕೆಟ್’ ಎಂಬ ಪದದ ಎರಡು ಅಕ್ಷರಗಳು ಹಿಂದುಮುಂದಾಗಿ ಮುದ್ರಿತವಾದ ಹೆಸರೊಂದಕ್ಕೂ ಇದೇ ಚಿಕಿತ್ಸೆ ನಡೆದಿದೆ. ಅವರ ಸ್ವಂತ ಭಾಷೆಯ ಕಾಗುಣಿತದೋಷವನ್ನೂ ಅವರು ತಿದ್ದಿಕೊಂಡಿಲ್ಲ ಎಂಬುದರಿಂದ ನನ್ನ ಸಿಟ್ಟು ಅರ್ಧ ಇಳಿಯಿತು.

ಷಟ್ಖಂಡಾಗಮದ ಧವಲಾಟೀಕೆಯ ಮೊದಲ ಸಂಪುಟವನ್ನು ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಪ್ರಕಟಿಸಿದಾಗ ಆದುದನ್ನು ಇಲ್ಲಿ ಸ್ಮರಿಸಬೇಕು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿದೆಯೆಂದು ಟೀಕೆಯ ಅರ್ಥವನ್ನು ನೋಡಿ ಅವರಿಗೆ ತೋರಿತು. ಅವರ ಬಳಿಯಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಅವರು ಸೂತ್ರದೊಳಗೆ ಅದನ್ನು ತುರುಕಲಿಲ್ಲ. ಪ್ರತಿಗಳಲ್ಲಿದ್ದಂತೆ ಸೂತ್ರವನ್ನು ಮುದ್ರಿಸಿ, ತಮ್ಮ ಅಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲಿ ಇಟ್ಟರು. ಮುಂದೆ ಮೂಡುಬಿದಿರೆಯ ತಾಡಪತ್ರದಲ್ಲಿ ಆ ಪದ ಇರುವುದು ಕಂಡುಬಂದಿತು. ಆ ಸೂತ್ರದ ಸುತ್ತ ಬೆಳೆದ ವಿವಾದದ ಗುಣದೋಷಗಳನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಬೇಕಾದುದು ಇಷ್ಟೇ: ಅಂದು ಅವರು ಮೂಲವನ್ನೇ ತಿದ್ದಿದ್ದರೆ ಮುಂದಿನವರಿಗೆ ಪ್ರತಿಯಲ್ಲಿದ್ದುದು ಯಾವುದು, ಸಂಪಾದಕರದು ಯಾವುದು ಎಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಬದಲಾವಣೆ ಅನಿವಾರ್ಯವಾದೆಡೆ ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡದ ಯೂನಿಕೋಡ್ ಬರಹ ‘ತುಂಗಾ’ ಎಂಬ ಫಾಂಟಿನೊಡನೆ ಬಂದುದು 2001ರ ಎಕ್ಸ್‌.ಪಿ. ಆವೃತ್ತಿಯಲ್ಲಿ. ಒತ್ತಕ್ಷರವನ್ನು ರೂಪಿಸುವಾಗ ವ್ಯವಸ್ಥೆಯು ಫಾಂಟಿಗೆ ವ್ಯಂಜನವನ್ನು ಮೊದಲು, ವಿರಾಮಚಿಹ್ನೆಯನ್ನು ಅನಂತರ ಒಪ್ಪಿಸುವುದು ಆಗಿನ ಕ್ರಮವಾಗಿತ್ತು. ಇದು ಬರಹದಲ್ಲಿರುವ ಕ್ರಮಕ್ಕೆ ವಿರುದ್ಧವಾದುದರಿಂದ ತೊಡಕುಗಳು ಹುಟ್ಟಿದವು. 2007ರಲ್ಲಿ ಸಾರ್ವಜನಿಕರಿಗೆ ದೊರೆತ ವಿಸ್ಟಾ ಆವೃತ್ತಿಯ ವೇಳೆಗೆ ಕ್ರಮವನ್ನು ಸರಿಪಡಿಸಿದರು. ಆದರೆ ಹಳೆಯ ಕ್ರಮವನ್ನು ನಂಬಿ ರಚಿಸಿದ ಫಾಂಟುಗಳು ಅದಾಗಲೇ ಇದ್ದವು. ಫಾಂಟು ತನ್ನ ಲಿಪಿಯನ್ನು ಸೂಚಿಸಲು ನಾಲ್ಕು ಅಕ್ಷರದ ಒಂದು ಗುರುತನ್ನು ಹೊತ್ತಿರುತ್ತದೆ. ಕನ್ನಡದ ಹಳೆಯ ಗುರುತಿಗೆ ಹಳೆಯ ಕ್ರಮವನ್ನೇ ಉಳಿಸಿ, ಹೊಸ ಕ್ರಮಕ್ಕೆ ಎರಡರ ಅಂಕಿಯುಳ್ಳ ಹೊಸ ಗುರುತನ್ನು ಕೊಟ್ಟರು. ಹಳೆಯ ಫಾಂಟು ಹಳೆಯ ಆಮ್ನಾಯದಂತೆ, ಹೊಸದು ಹೊಸ ಆಮ್ನಾಯದಂತೆ ಒಂದೇ ಯಂತ್ರದಲ್ಲಿ ನಡೆಯತೊಡಗಿದವು.

ಲಿನಕ್ಸ್ ವ್ಯವಸ್ಥೆಗಳ ಮೂಲಗ್ರಂಥಾಲಯವಾದ ಜಿಲಿಬ್‌ಸಿ ಎಂಬುದರಲ್ಲಿಯೂ ಇಂತಹುದೇ ಪ್ರಸಂಗ ನಡೆದಿದೆ. ಸ್ಮೃತಿಯ ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವ ಒಂದು ವಿಧಿಯನ್ನು 2010ರಲ್ಲಿ ಶೀಘ್ರಗೊಳಿಸಿದಾಗ, ನಕಲು ಮಾಡುವ ದಿಕ್ಕು ಬದಲಾಗಿ, ಅಡೋಬಿ ಸಂಸ್ಥೆಯ ಫ್ಲ್ಯಾಶ್ ತಂತ್ರಾಂಶದ ಧ್ವನಿ ಕೆಟ್ಟಿತು. ಲಿಖಿತ ನಿಯಮದ ಪ್ರಕಾರ ತಪ್ಪು ಆ ತಂತ್ರಾಂಶದ್ದೇ. ಅದು ನಿಯಮವು ಭರವಸೆ ಕೊಡದ ವರ್ತನೆಯನ್ನು ನೆಚ್ಚಿತ್ತು. ಆದರೂ ಮರುವರ್ಷ ಆ ವಿಧಿಯ ಹಳೆಯ ಪಾಠವನ್ನು ಹಳೆಯ ತಂತ್ರಾಂಶಗಳಿಗೂ ಹೊಸ ಪಾಠವನ್ನು ಹೊಸವಕ್ಕೂ ದೊರೆಯುವಂತೆ ಆವೃತ್ತಿಸಂಖ್ಯೆ ಹಚ್ಚಿ ಎರಡನ್ನೂ ಇಟ್ಟರು. ಧವಲಾಕಾರರಾದ ವೀರಸೇನಾಚಾರ್ಯರು ಉತ್ತರಪ್ರತಿಪತ್ತಿ, ದಕ್ಷಿಣಪ್ರತಿಪತ್ತಿಗಳೆಂಬ ಎರಡು ಉಪದೇಶಪರಂಪರೆಗಳು ಭಿನ್ನವಾದೆಡೆ ತಮ್ಮ ಒಲವನ್ನು ಮುಚ್ಚಿಡದೆಯೂ ಎರಡನ್ನೂ ದಾಖಲಿಸುತ್ತಾರೆ. ಸೂತ್ರಗಳು ಪರಸ್ಪರ ವಿರೋಧಿಸಿದೆಡೆ, ನಿರ್ಣಯಿಸಬಲ್ಲ ಕೇವಲಿಗಳಾಗಲಿ ಶ್ರುತಕೇವಲಿಗಳಾಗಲಿ ಇಲ್ಲದ ಕಾಲದಲ್ಲಿ ಎರಡನ್ನೂ ಸಂಗ್ರಹಿಸಬೇಕೆಂಬುದು ಅವರ ನಿಲುವು. ತಂತ್ರಾಂಶದವರು ಧವಲೆಯನ್ನು ಓದಿರಲಾರರು; ಅವರ ಅಡಚಣೆಯೇ ಅವರನ್ನು ಅಲ್ಲಿಗೆ ತಂದಿತು.

ಎಲ್ಲವೂ ಸ್ಥಿರವಾಗಿರಬೇಕೆಂದು ಇದರ ಅರ್ಥವಲ್ಲ. ನಮ್ಮ ಜಿಹ್ವಾಮೂಲೀಯ, ಉಪಧ್ಮಾನೀಯಗಳ ಸಂಗತಿಯನ್ನು ನೋಡಬೇಕು. ಕೇಶಿರಾಜನು ಯೋಗವಾಹಗಳಲ್ಲಿ ಎಣಿಸಿದ ಇವು ಯೂನಿಕೋಡಿನಲ್ಲಿ ಮೊದಲು ಕೇವಲ ಚಿಹ್ನೆಗಳ ವರ್ಗದಲ್ಲಿದ್ದವು. 2010ರ ಆರನೆಯ ಆವೃತ್ತಿಯಲ್ಲಿ ಅವನ್ನು ಅಕ್ಷರಗಳ ವರ್ಗಕ್ಕೆ ಸೇರಿಸಿದರು. ಸ್ಥಾನ ಅದೇ, ಹೆಸರು ಅದೇ, ವರ್ಗ ಮಾತ್ರ ಬದಲಾಯಿತು. ಇದರ ಪರಿಣಾಮವಾಗಿ ಅಂತರಜಾಲದ ವಿಳಾಸನಾಮಗಳಲ್ಲಿ ನಿಷಿದ್ಧವಾಗಿದ್ದ ಇವೆರಡು ಅಲ್ಲಿ ಗ್ರಾಹ್ಯವಾದವು; ಇದೇ ತಿದ್ದುಪಡಿಯಲ್ಲಿ ಬೇರೊಂದು ಲಿಪಿಯ ಅಂಕಿಯೊಂದು ಗ್ರಾಹ್ಯವಾಗಿದ್ದುದು ನಿಷಿದ್ಧವಾಯಿತು. ಹಿಂದಿನ ಸ್ಥಿತಿಯನ್ನು ಉಳಿಸಲು ಅಪವಾದನಿಯಮ ಬೇಕೇ ಎಂದು ಅಂತರಜಾಲದ ನಿಯಮಗಳನ್ನು ನಿರ್ಣಯಿಸುವ ಇಂಜಿನಿಯರುಗಳ ಮಂಡಳಿ ಚರ್ಚಿಸಿ, ಇವುಗಳ ಬಳಕೆ ಅತ್ಯಲ್ಪವಾದುದರಿಂದ ಬೇಡವೆಂದು 2011ರ ನವೆಂಬರಿನಲ್ಲಿ 6452ನೆಯ ಸಂಖ್ಯೆಯ ಪತ್ರದಲ್ಲಿ ಪ್ರಕಟಿಸಿತು. ನಮ್ಮ ಎರಡು ಯೋಗವಾಹಗಳು ಇಂಜಿನಿಯರುಗಳ ಸಭೆಯಲ್ಲಿ ವಿಚಾರಣೆಗೆ ಒಳಗಾದುದನ್ನು ಓದಿ ನನಗೆ ಹರ್ಷವೇ ಆಯಿತು. ನಿರ್ಣಯವೂ ಯುಕ್ತವೇ: ತಿದ್ದುಪಡಿಯಿಂದ ಒಡೆಯುವುದು ಎಷ್ಟು, ದೊರೆಯುವುದು ಎಷ್ಟು ಎಂದು ತೂಗಿ ನೋಡಿ, ತೂಗಿದ ಲೆಕ್ಕವನ್ನು ಬರೆದಿಟ್ಟಿದ್ದಾರೆ.

ಲಿನಕ್ಸಿನ ತಿರುಳನ್ನು 1991ರಲ್ಲಿ ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಅವರದು ಇನ್ನೂ ಕಠಿಣವಾದ ನಿಯಮ. ತಿರುಳಿನಲ್ಲಿ ಮಾಡಿದ ಬದಲಾವಣೆಯಿಂದ ಮೇಲೆ ನಡೆಯುತ್ತಿರುವ ತಂತ್ರಾಂಶ ಕೆಟ್ಟರೆ ದೋಷ ತಿರುಳಿನದೇ ಹೊರತು ತಂತ್ರಾಂಶದ್ದಲ್ಲ. ಆದರೆ ಈ ಅಭಯ ಹೊರಗಿನವರಿಗೆ ಮಾತ್ರ. ತಿರುಳಿನೊಳಗಿನ ಅಂಗಗಳ ನಡುವೆ ಅಂತಹ ವಚನವೇನೂ ಇಲ್ಲ, ಅಲ್ಲಿ ಬೇಕಾದಂತೆ ಬದಲಿಸುತ್ತಾರೆ. ಅಭಯಕ್ಕೂ ಒಂದು ಅವಧಿ ಇದೆಯೆಂಬುದನ್ನು ಮರೆಯಬಾರದು. ಡಾಸ್ ಕಾಲದ ಹದಿನಾರು ಬಿಟ್ಟುಗಳ ಕನ್ನಡ ತಂತ್ರಾಂಶಗಳು 64 ಬಿಟ್ಟುಗಳ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 64 ಬಿಟ್ಟಿನದಲ್ಲದೆ ಬೇರೆ ರೂಪವೇ ಇಲ್ಲ. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದ ನೆರವಿನಿಂದ ಅವನ್ನು ಇನ್ನೂ ನಡೆಸಬಹುದು. ಮೂಲ ಫಾಂಟು ಕೈಯಲ್ಲಿಲ್ಲದವನಿಗೆ ಅದರಿಂದ ಪ್ರಯೋಜನವಿಲ್ಲ.

ನನ್ನ ಮನವಿಯನ್ನು ಕಳುಹಿಸಲಿಲ್ಲ. ಆದರೂ ಒಂದು ಅಸಮಾಧಾನ ಉಳಿದಿದೆ, ಅದನ್ನು ಹೇಳಿಬಿಡುತ್ತೇನೆ. ತಿದ್ದಲಾರದ ನಿಯಮವು ಮೊದಲು ಬಂದವನ ಅಜಾಗರೂಕತೆಯನ್ನೂ ಶಾಶ್ವತಗೊಳಿಸುತ್ತದೆ. ಕನ್ನಡ ಖಂಡದ ಪಟ್ಟಿ ಕರಡಿನಲ್ಲಿದ್ದಾಗ ಹಳಗನ್ನಡ ಬಲ್ಲವರ ಕಣ್ಣು ಅದರ ಮೇಲೆ ಬಿದ್ದಿದ್ದರೆ ಆ ಹೆಸರು ಉಳಿಯುತ್ತಿರಲಿಲ್ಲ. ಇದರಲ್ಲಿ ನಮ್ಮ ಪಾಲೂ ಇದೆ. ಅಂತಹ ಪಟ್ಟಿಯೊಂದು ಸಿದ್ಧವಾಗುತ್ತಿದೆಯೆಂದು ಕೇಳಿದ್ದರೂ ನಮ್ಮಲ್ಲಿ ಎಷ್ಟು ಮಂದಿ ಓಲೆಯಿಂದ ತಲೆಯೆತ್ತುತ್ತಿದ್ದೆವು? ಈಚೆಗೆ ಸ್ಥಿತಿ ಸುಧಾರಿಸಿದೆ. ಸ್ವರರಹಿತ ನಕಾರಕ್ಕೆ ಪ್ರಾಚೀನ ಬರಹಗಳಲ್ಲಿದ್ದ ವಿಶಿಷ್ಟ ರೂಪ ‘ನಕಾರಪೊಲ್ಲು’ ಎಂಬ ಯಥಾರ್ಥ ನಾಮದೊಡನೆ 2021ರ ಹದಿನಾಲ್ಕನೆಯ ಆವೃತ್ತಿಯಲ್ಲಿ 3293ರಲ್ಲಿ, ೞಕಾರದ ಪಕ್ಕದಲ್ಲಿಯೇ, ಸ್ಥಾನ ಪಡೆದಿದೆ. ಸೇರುವ ಮೊದಲು ತಿದ್ದಬಹುದು, ಸೇರಿದ ಮೇಲೆ ಇಲ್ಲ. ಆದುದರಿಂದ ಇಂತಹ ಪ್ರಸ್ತಾವಗಳನ್ನು ಕರಡಿನಲ್ಲಿಯೇ ನೋಡುವ ಹೊಣೆ ಹಸ್ತಪ್ರತಿ ಬಲ್ಲವರ ಮೇಲಿದೆ.

ಹಳೆಯ ಕಡತಗಳನ್ನು ಇಟ್ಟುಕೊಂಡಿರುವ ಸಂಪಾದಕರಲ್ಲಿ ಒಂದು ವಿಜ್ಞಾಪನೆ. ಕಡತದೊಡನೆ ಅದನ್ನು ಬರೆದ ಫಾಂಟನ್ನೂ, ಆಗಿನ ಕಾಲದಲ್ಲಿ ಮುದ್ರಿಸಿದ ಒಂದೆರಡು ಪುಟಗಳನ್ನೂ ಕೂಡಿಸಿ ಇಡಬೇಕು. ಪರಿವರ್ತಿಸಿದ ಮೇಲೆಯೂ ಮೂಲ ಕಡತವನ್ನು ಅಳಿಸಬಾರದು. ಪರಿವರ್ತಿಸುವ ತಂತ್ರಾಂಶಕ್ಕೆ ತಿಳಿಯದ ಸಂಖ್ಯೆ ಬಂದರೆ ಅದು ಊಹಿಸಿ ತುಂಬದೆ ನಿಂತು ಹೇಳುವಂತಿರಬೇಕು. ೞ, ಱಗಳು ಎಷ್ಟು ಸಲ ಬಂದಿವೆಯೆಂದು ಮೊದಲೂ ಅನಂತರವೂ ಎಣಿಸಿ ನೋಡುವುದು ಸುಲಭವಾದ ಪರೀಕ್ಷೆ. ನಾನು ಅಷ್ಟನ್ನು ಮಾಡಿದ್ದರೆ ಎರಡನೆಯ ತಂತ್ರಾಂಶದ ಉಪಕಾರಕ್ಕೆ ಮರುಳಾಗುತ್ತಿರಲಿಲ್ಲ.

ಗುರುಗಳ ಪಾಠ ಈಗ ಯೂನಿಕೋಡಿನಲ್ಲಿದೆ. ೞಕಾರಗಳೆಲ್ಲ 3294ರಲ್ಲಿ ಸ್ವಸ್ಥವಾಗಿವೆ. ಹಾಗೆ ನೋಡುತ್ತ ಹೋದಾಗ ಕೆಲವೆಡೆಗಳಲ್ಲಿ ೞಕಾರ ಬರಬೇಕಾದಲ್ಲಿ ಮೂಲ ಕಡತದಲ್ಲಿಯೇ ಳಕಾರವಿರುವುದು ಕಂಡಿದೆ. ಅದು ಜೋಡಣೆಗಾರರ ಕೈತಪ್ಪೋ, ಓಲೆಯ ಪಾಠವನ್ನು ಉದ್ದೇಶಪೂರ್ವಕವಾಗಿ ಉಳಿಸಿದ ಗುರುಗಳ ನಿರ್ಣಯವೋ ಹೇಳಲು ಬರುವಂತಿಲ್ಲ. ಅವನ್ನು ನಾನು ತಿದ್ದಿಲ್ಲ. ಅಡಿಯಲ್ಲಿ ಗುರುತು ಹಾಕಿದ್ದೇನೆ. ಎರಡು ಓಲೆಪ್ರತಿಗಳನ್ನು ಮತ್ತೆ ಬಿಚ್ಚಿ ನೋಡಬೇಕಾಗಿದೆ.